ಹೂಂಗುಟ್ಟದ ಕಂಪ್ಯೂಟರ್

ಫೋನಿನಲ್ಲಿ ಯಾರು ಏನೇ ಹೇಳಲಿ, ಫೋಟೊ ಸ್ಟುಡಿಯೊದ ಅನಸೂಯಾ ಮಾತುಮಾತಿಗೂ "ಹೂಂ" ಅನ್ನುತ್ತಿದ್ದಳು. ಅಂದು ಗುಜರಿ ಅಂಗಡಿಯ ಖಾಜಾನಿಗೂ ಹಾಗೇ ಹೂಂಗುಟ್ಟುತ್ತಿದ್ದಳು. ಹಳೆಯ ಕಂಪ್ಯೂಟರಿನಿಂದ ಹೊಸದಕ್ಕೆ ಮದುವೆಯ ಫೋಟೊಗಳು ಬೆಳಗಿನಿಂದ ತೆವಳುತ್ತಿದ್ದವು. ತಪ್ಪೆಲ್ಲ ಹಳೆಯದರದ್ದೇ, ಅದನ್ನು ಗುಜರಿಗೆ ಹಾಕುವುದೇ ಸರಿ ಎಂದುಕೊಂಡಿದ್ದಳು.

ಗುಜರಿಯ ಮಾತು ಕಿವಿಗೆ ಬಿದ್ದದ್ದೇ ಹಳೆಯದರ ಎದೆ ಧಸಕ್ಕೆಂದಿತು.

"ಬೇಗ ಕಳಿಸಬಾರದೇ ಅಜ್ಜ? ನಿನ್ನಿಂದ ನನಗೂ ಕೆಟ್ಟ ಹೆಸರು," ಎಂದಿತು ಹೊಸದು.

"ಫೋಟೊದ ಒಂದು ತುಣುಕು ಕಳಿಸಿದ ಮೇಲೆ ನೀನು ಹೂಂ ಅನ್ನಬೇಕಲ್ಲ ಮಗಾ. ಕೇಳುವವರು ಹೂಂಗುಟ್ಟದಿದ್ದರೆ ಕಥೆ ಮುಂದಕ್ಕೆ ಹೋದೀತೇ? ತಲುಪಿತೋ, ದಾರಿಯಲ್ಲೇ ಬಿತ್ತೋ, ನನಗೇನು ಗೊತ್ತು?"

"ಒಂದೊಂದಕ್ಕೂ ಯಾಕೆ ಬಾಯಿ ನೋಯಿಸಿಕೊಳ್ಳಲಿ? ನಾಲ್ಕಾರು ಬರಲಿ, ಒಟ್ಟಿಗೇ ಅನ್ನೋಣ ಅಂತ ಕಾಯುತ್ತಿದ್ದೆ. ಬಾರದಿದ್ದರೆ ಕೊನೆಗೆ ಬೇಸತ್ತು ಅನ್ನುತ್ತಿದ್ದೆ."

"ನೀನು ನನ್ನ ಮುಂದಿನ ತುಣುಕಿಗೆ ಕಾದೆ, ನಾನು ನಿನ್ನ ಹೂಂಗೆ ಕಾದೆ. ಚೆನ್ನಾಗಿದೆ ನಮ್ಮ ಸಂಸಾರ!" ಹಳೆಯದು ಭಯದಲ್ಲೂ ನಕ್ಕುಬಿಟ್ಟಿತು.

ಹೊಸದಕ್ಕೆ ನಾಚಿಕೆಯಾಯಿತು. ಬಂದ ತುಣುಕಿಗೆ ಕೂಡಲೇ "ಹೂಂ" ಎಂದಿತು. ಮತ್ತೊಂದು ಬಂತು, ಮತ್ತೆ "ಹೂಂ." ಆಮೇಲೆ ಫೋಟೊಗಳು ದಬದಬನೆ ಬರತೊಡಗಿದವು: ಅರಿಸಿನ ಹಚ್ಚಿದ ಮುಖ, ಬಾಸಿಂಗ, ಅಕ್ಷತೆ, ಊಟದ ಪಂಕ್ತಿ.

"ಮತ್ತ ಗಾಡಿ ತಗೊಂಡು ಬರ್ಲೇನ್ರೀ ಅಕ್ಕಾರ?" ಫೋನಿನಲ್ಲಿ ಖಾಜಾ ಕೇಳಿದ. "ಆ ಹಳೇ ಕಂಪ್ಯೂಟರ್ ತಯಾರು ಮಾಡಿ ಇಡ್ರಿ."

ಅನಸೂಯಾಳ ಕಣ್ಣು ಪರದೆಯ ಮೇಲಿತ್ತು. ಅವಳು ಹೂಂ ಅನ್ನಲಿಲ್ಲ.