ಹೂಳೆತ್ತುವ ಸಾಲು

ಊರ ಕೆಳಗೆ ಹೊಳೆ, ಹೊಳೆಯ ದಂಡೆಗೆ ಒಂದು ಆಶ್ರಮ. ಅಲ್ಲಿದ್ದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಆಶ್ರಮದ ಅಂಗಳದಲ್ಲಿ ಒಂದು ಮೆಟ್ಟಿಲು ಬಾವಿ. ಪುರಸಭೆಯ ನಲ್ಲಿಯಲ್ಲಿ ನೀರು ಬಾರದಿದ್ದಾಗ, ಅಂದರೆ ಹೆಚ್ಚುಕಡಿಮೆ ಯಾವಾಗಲೂ, ಹಿಂದಿನ ಓಣಿಯವರಿಗೆ ಆ ಬಾವಿಯೇ ಗತಿ.

ಅಜ್ಜಾರ ಶಿಷ್ಯ ಗದಿಗೆಪ್ಪ ಆ ಓಣಿಯಲ್ಲೇ ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ. ಒಂದು ಬೆಳಿಗ್ಗೆ ಹೆಗಲಿಗೆ ಪಕ್ಷದ ಶಲ್ಯ ಹಾಕಿಕೊಂಡು ಬಂದು ಪಾದಕ್ಕೆರಗಿದ.

“ಅಜ್ಜಾರ, ಪುರಸಭಾ ಚುನಾವಣಿಗೆ ನಿಲ್ಲಂತ ಪಕ್ಷದವರು ಕೇಳ್ಯಾರ್ರಿ. ನಾಳೆ ಮಧ್ಯಾಹ್ನದೊಳಗ ಹೂಂ ಅನ್ನಬೇಕು. ಆಶೀರ್ವಾದ ಮಾಡ್ರಿ.”

“ನಿಲ್ಲಾಕ ಪಕ್ಷ ಯಾಕ ಬೇಕಪಾ?”

“ಎಲ್ಲಾರೂ ಹಂಗ ನಿಲ್ತಾರಲ್ರಿ.”

“ರಾಜ್ಯ ಆಳಾಕ ಪಕ್ಷ ಬೇಕಾಗಬಹುದು. ಓಣಿ ನೋಡ್ಕೊಳ್ಳಾಕೂ ಬೇಕೇನು?”

“ಒಬ್ಬನ ನಿಂತ್ರ ಬೆನ್ನಿಗೆ ಯಾರಿರ್ತಾರ್ರಿ? ಗೆದ್ದರೂ ಮ್ಯಾಲಿನವರು ಕ್ಯಾರೇ ಅನ್ನೂದಿಲ್ಲ. ಗಟಾರ ಹೆಂಗ ಕಟ್ಟಸ್ಲಿ?”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಓಣಿಯ ಕೊಳಕು ನೀರು ದಾಟಿಯೇ ಅವನು ದೊಡ್ಡವನಾಗಿದ್ದ. ಅದನ್ನು ಸರಿಮಾಡಬೇಕೆಂಬ ಆಸೆ ಅವನಿಗೆ ಮನಸಾರೆ ಇತ್ತು. ಅಜ್ಜಾರು ತಲೆಯಾಡಿಸಿದರು.

“ನೀಲವ್ವನ ಮನಿ ಮುಂದ ಗಟಾರ ಯಾಕ ತುಂಬಿ ಹರೀತೈತಿ?”

“ಶಾಲಿ ಹಿಂದಿನ ಪೈಪು ಸಣ್ಣದೈತ್ರಿ. ಮಳಿ ಬಂದ್ರ ನೀರು ಹಿಂದಕ್ಕ ನುಗ್ಗತೈತಿ.”

“ನಿನಗ್ಯಾರ ಹೇಳಿದ್ರು?”

“ನೀಲವ್ವನ ಹೇಳಿದ್ಲು. ಜೋಳಾ ಬೀಸಾಕ ಬಂದಾಗೊಮ್ಮೆ ಅದನ್ನ ಹೇಳ್ತಾಳ.”

“ಆಕಿ ಮಗ ಆ ಕಡಿ ಪಕ್ಷದಾಗ ಅದಾನ. ನಾಳೆನೂ ಹೇಳ್ತಾಳೇನು?”

ಗದಿಗೆಪ್ಪ ನಕ್ಕುಬಿಟ್ಟ. “ಯಾಕ ಹೇಳೂದಿಲ್ರಿ? ಸಣ್ಣವಿದ್ದಾಗ ನನ್ನ ಎತ್ತಿ ಆಡಿಸಿದಾಕಿ.”

ಅಜ್ಜಾರು ಆ ಮಾತನ್ನು ಅಲ್ಲಿಗೇ ಬಿಟ್ಟರು. “ಮಳಿ ಹತ್ತರ ಬಂತು. ನಾಳೆ ಬಾವಿ ಹೂಳು ತಗಸು. ಆಶೀರ್ವಾದದ ಮಾತು ಆಮ್ಯಾಲ.”

ಮಳೆಗಾಲಕ್ಕೆ ಮುಂಚೆ ಓಣಿಯವರೇ ಕೂಡಿ ಆ ಬಾವಿಯ ಹೂಳೆತ್ತುವುದು ಹಿಂದಿನಿಂದ ಬಂದ ವಾಡಿಕೆ. ತಳದ ಕೆಸರಿನಿಂದ ಮೇಲಿನ ಕಟ್ಟೆಯವರೆಗೆ ಮೆಟ್ಟಿಲಿಗೊಬ್ಬರಂತೆ ನಿಂತು ಬುಟ್ಟಿ ದಾಟಿಸುವುದು. ಬಂದವರು ಬಂದ ಹಾಗೆ ನಿಲ್ಲಬೇಕು, ಪಕ್ಕದಲ್ಲಿ ಯಾರಿರಬೇಕೆಂದು ಆರಿಸಿಕೊಳ್ಳುವ ಹಾಗಿಲ್ಲ. ವರ್ಷಗಳಿಂದ ಆ ಸಾಲು ನಿಲ್ಲಿಸುತ್ತ ಬಂದವನು ಗದಿಗೆಪ್ಪನೇ.

ಈ ಸಲ ಅವನಿಗೆ ಬೇರೆ ಯೋಚನೆ ಹೊಳೆಯಿತು. ಹೇಗೂ ಚುನಾವಣೆಯ ಹೊತ್ತು, ನಾಲ್ಕು ಜನ ನೋಡಲಿ ಎಂದುಕೊಂಡು ಮರುದಿನ ಬೆಳಿಗ್ಗೆ ತನ್ನ ಪಕ್ಷದ ಹುಡುಗರಿಗೆಲ್ಲ ಶಲ್ಯ ಹೊದಿಸಿ ಕರೆತಂದ. ಫೋಟೊ ತೆಗೆಯುವವನೂ ಬಂದ.

ಸುದ್ದಿ ತಿರಕಪ್ಪನ ಕಿವಿಗೆ ಬಿತ್ತು. ತಿರಕಪ್ಪ ಗದಿಗೆಪ್ಪನ ಬಾಲ್ಯದ ಗೆಳೆಯ, ಈಗ ಎದುರು ಪಕ್ಷದ ಹುರಿಯಾಳು. ಅವನು ಸುಮ್ಮನಿರುತ್ತಾನೆಯೆ? ತನ್ನವರಿಗೆ ಬೇರೆ ಬಣ್ಣದ ಶಲ್ಯ ಹೊದಿಸಿ ಅವನೂ ಬಂದ.

“ಬಾವಿ ನಿಮ್ಮಪ್ಪಂದೇನು?” ಎಂದ ತಿರಕಪ್ಪ.

“ಹೂಳು ನಿಮ್ಮಪ್ಪಂದಿದ್ರ ತಗೊಂಡ ಹೋಗು,” ಎಂದ ಗದಿಗೆಪ್ಪ.

ಮೆಟ್ಟಿಲುಗಳ ಆ ಮಗ್ಗುಲಿಗೊಂದು ಸಾಲು, ಈ ಮಗ್ಗುಲಿಗೊಂದು ಸಾಲು ನಿಂತವು. ಈ ಸಾಲಿನವರು ಆ ಸಾಲಿನವರಿಗೆ ಬುಟ್ಟಿ ಕೊಡಲೊಲ್ಲರು. ಒಂದು ಸಾಲಿಗಾಗುವಷ್ಟು ಜನ ಎರಡಾಗಿ ನಿಂತರೆ ಇನ್ನೇನಾಗುತ್ತದೆ? ಎರಡೂ ಸಾಲು ಬಾವಿಯ ನಡುವಿಗೇ ಮುಗಿದವು. ಅಲ್ಲಿಂದ ಮೇಲಕ್ಕೆ ಹುಡುಗರು ಬುಟ್ಟಿ ಹೊತ್ತು ಹತ್ತಬೇಕಾಯಿತು. ಹತ್ತಿದವರು ಜಾರಿದರು, ಎತ್ತಿದ ಹೂಳು ತಿರುಗಿ ಬಾವಿಗೇ ಬಿತ್ತು.

ಶಲ್ಯವಿಲ್ಲದ ಓಣಿಯ ಜನ ಯಾವ ಸಾಲಿಗೆ ನಿಂತರೆ ಯಾರಿಗೆ ಸಿಟ್ಟು ಬರುತ್ತದೋ ಎಂದು ದೂರದಲ್ಲೇ ಉಳಿದರು. ಬಿಸಿಲೇರುವ ಹೊತ್ತಿಗೆ ಎರಡೂ ಕಡೆಯ ಹುಡುಗರು ಸುಸ್ತಾಗಿ ನೆರಳು ಹಿಡಿದರು. ಫೋಟೊಗಳು ಮಾತ್ರ ಚೆನ್ನಾಗಿ ಬಂದಿದ್ದವು.

ಅಷ್ಟರಲ್ಲಿ ನೀಲವ್ವ ಕೊಡ ಹಿಡಿದುಕೊಂಡು ಬಂದಳು. ಬಾವಿಯ ತಳದಲ್ಲಿದ್ದ ಅಷ್ಟಿಷ್ಟು ನೀರೂ ಕದಡಿ ರಾಡಿಯಾಗಿತ್ತು.

“ಇವತ್ತೊಂದಿನ ತಡಕೊ ಬೇ ನೀಲವ್ವಾ,” ಎಂದ ಗದಿಗೆಪ್ಪ. “ನಿನ್ನ ಮನಿ ಮುಂದಿನ ಗಟಾರದ ಕೆಲಸಾನೂ ನಾನ ಮಾಡಸ್ತೀನಿ. ಈಗ ಹೆಂಗೈತಿ ಅದು?”

ಅವಳು ಅವನ ಶಲ್ಯ ನೋಡಿದಳು. ಆಚೆ ನೆರಳಿನಲ್ಲಿ ಕೂತಿದ್ದ ಮಗನನ್ನು ನೋಡಿದಳು.

“ನಂದೇನೂ ಇಲ್ರಿ. ನಿಮಗ ಹೆಂಗ ತಿಳೀತೈತಿ ಹಂಗ ಮಾಡ್ರಿ.”

ಖಾಲಿ ಕೊಡ ಹೊತ್ತು ಹೊರಟುಹೋದಳು. ನಿನ್ನೆಯವರೆಗೆ ‘ಏ ಗದಿಗ್ಯಾ’ ಎಂದು ಓಣಿಯ ತುದಿಯಿಂದ ಕೂಗುತ್ತಿದ್ದವಳು ಇವತ್ತು ‘ರೀ’ ಹಚ್ಚಿ ಮಾತಾಡಿದ್ದಳು. ಬೈದಿದ್ದರೆ ಗದಿಗೆಪ್ಪ ತಡೆದುಕೊಳ್ಳುತ್ತಿದ್ದ.

ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದ ಅಜ್ಜಾರ ಬಳಿ ಹೋಗಿ ನಿಂತ.

“ತಪ್ಪಾತ್ರಿ ಅಜ್ಜಾರ. ಆದ್ರ ಈಗೇನ ಮಾಡ್ಲಿ? ಪಕ್ಷ ಬಿಟ್ರ ಸೋಲ್ತೀನಿ. ಹಿಡದ್ರ ಅರ್ಧ ಓಣಿ ನನ್ನ ಕೂಡ ಮಾತಾಡೂದಿಲ್ಲ.”

ಅಜ್ಜಾರು ಕಾವಿ ಎತ್ತಿ ಕಟ್ಟಿಕೊಂಡು ಒಂದೊಂದೇ ಮೆಟ್ಟಿಲು ಹಿಡಿದು ಬಾವಿಗಿಳಿದರು. ಮೊಣಕಾಲುದ್ದ ಕೆಸರಿನಲ್ಲಿ ನಿಂತು ಒಂದು ಬುಟ್ಟಿ ತುಂಬಿ ಮೇಲೆತ್ತಿ ಹಿಡಿದರು.

ಗದಿಗೆಪ್ಪ ಓಡಿ ಇಳಿದು ಬುಟ್ಟಿ ಇಸಿದುಕೊಂಡ. ತಿರುಗಿ ನೋಡಿದರೆ ಮೇಲಿನ ಮೆಟ್ಟಿಲಲ್ಲಿ ತಿರಕಪ್ಪ ನಿಂತಿದ್ದ. ಅಜ್ಜಾರು ಕೆಸರಿಗಿಳಿದದ್ದನ್ನು ನೋಡಿಕೊಂಡು ಕೂರಲು ಅವನಿಗೂ ಆಗಿರಲಿಲ್ಲ. ಮುಖ ಅತ್ತ ತಿರುಗಿಸಿದ್ದನಾದರೂ ಬುಟ್ಟಿಗೆಂದು ತೋಳು ಚಾಚಿದ್ದ. ಅವನ ಹಿಂದೆ ಮೆಟ್ಟಿಲುಗಳೆಲ್ಲ ಖಾಲಿ. ಓಣಿಯ ಜನ ಒಬ್ಬೊಬ್ಬರಾಗಿ ಕಟ್ಟೆಗೆ ಬಂದು ಬಗ್ಗಿ ನೋಡತೊಡಗಿದರು.

ಆಗಲೇ ಗದಿಗೆಪ್ಪನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಮಧ್ಯಾಹ್ನವಾಗಿತ್ತು.

ಅವನು ನಿಂತಲ್ಲೇ ನಿಂತ. ತಿರಕಪ್ಪನಿಗೆ ಬುಟ್ಟಿ ಕೊಟ್ಟರೆ ಪಕ್ಷದ ಹುಡುಗರು ನೋಡುತ್ತಾರೆ, ಸುದ್ದಿ ಮೇಲಿನವರಿಗೆ ಮುಟ್ಟಲು ಹೊತ್ತೇನೂ ಬೇಡ. ಬುಟ್ಟಿ ಕೆಳಗಿಟ್ಟು ಫೋನು ಎತ್ತಿದರೆ ತಿರಕಪ್ಪ ಹತ್ತಿ ಹೋಗುತ್ತಾನೆ, ಅವನ ಹಿಂದೆ ಓಣಿಯ ಜನವೂ ಹೋಗುತ್ತಾರೆ.

“ಅಜ್ಜಾರ, ಪಕ್ಷದವರ ಫೋನು. ಏನಂತ ಹೇಳ್ಲಿ?”

ಅಜ್ಜಾರು ತಲೆಯೆತ್ತಲಿಲ್ಲ. ಬಗ್ಗಿ ಕೆಸರು ಬಾಚುತ್ತಿದ್ದರು.

“ಏನರೆ ಹೇಳಪಾ. ಮೊದಲ ಆ ಬುಟ್ಟಿ ಮ್ಯಾಲ ದಾಟಿಸು, ಇಲ್ಲಿ ಇನ್ನೊಂದು ತುಂಬೇತಿ.”