ಎಲ್ಲ ಅಳುವಿಗೂ ತುತ್ತು ಹಾಕಿದ ನರಿ

ಮಕ್ಕಳೇ, ಕುರುಚಲು ಕಾಡಿನ ಅಂಚಿನಲ್ಲಿ ಒಂದು ಸಣ್ಣ ಕೆರೆ ಇತ್ತು. ಅದರ ಪಕ್ಕದಲ್ಲಿ ಗೆದ್ದಲು ಬಿಟ್ಟುಹೋದ ಹಳೆಯ ಹುತ್ತ. ಹುತ್ತದ ಬುಡ ಕೆರೆದು ಬಿಲ ಮಾಡಿಕೊಂಡು ಎರಡು ನರಿಗಳು ಸಂಸಾರ ಹೂಡಿದ್ದವು. ಹೆಂಡತಿಯ ಹೆಸರು ಬೂದಿ, ಗಂಡನ ಹೆಸರು ಕೆಂದ. ನಾಲ್ಕು ಮರಿಗಳು. ನಾಲ್ಕಕ್ಕೂ ಬಾಯಿ ಇತ್ತು, ಒಂದೂ ಅದನ್ನು ಮುಚ್ಚುತ್ತಿರಲಿಲ್ಲ.

ನರಿಗಳ ಮನೆಯಲ್ಲಿ ತಟ್ಟೆ ಇಟ್ಟು ಬಡಿಸುವುದಿಲ್ಲ. ಅಪ್ಪನೋ ಅಮ್ಮನೋ ಹೊರಗೆ ಹೊಟ್ಟೆ ತುಂಬ ತಿಂದು ಬಂದು ಮರಿಗಳ ಮುಂದೆ ಅದನ್ನು ಕಕ್ಕುತ್ತಾರೆ. ಮೂಗು ಮುರಿಯಬೇಡಿ. ಮರಿಗಳಿಗೆ ಅದು ಬಿಸಿಯೂಟ.

ಬೂದಿಗೆ ಮರಿಗಳ ದನಿಯೆಲ್ಲ ಬಾಯಿಪಾಠವಾಗಿತ್ತು. ಮೂಗಿನಲ್ಲಿ ಕುಂಯ್ ಕುಂಯ್ ಎಂದರೆ ಹಸಿವು. ಎಳೆದೆಳೆದು ರಾಗ ತೆಗೆದರೆ ನಿದ್ದೆ ಬಂದಿದೆ, ಮಲಗುವ ಮನಸ್ಸಿಲ್ಲ, ಅದು ರಚ್ಚೆ. ಚೀರಿದರೆ ಒಂದು ಇನ್ನೊಂದರ ಬಾಲ ಕಚ್ಚಿದೆ, ಎದ್ದು ಓಡಬೇಕಾಗಿಲ್ಲ, ಮಲಗಿದ್ದಲ್ಲಿಂದಲೇ ಗದರಿದರೆ ಸಾಕು. ಬಿಕ್ಕಿದರೆ ಹತ್ತಿರ ಎಳೆದುಕೊಂಡು ನೆಕ್ಕಬೇಕು. ನರಳಿದರೆ ಮಾತ್ರ ಮೈಯಲ್ಲಿ ಏನೋ ಕೆಟ್ಟಿದೆ ಎಂದು ಅರ್ಥ. ಅದು ಎಲ್ಲಕ್ಕಿಂತ ಸಣ್ಣ ದನಿ. ಎಲ್ಲ ಬಿಟ್ಟು ಓಡಬೇಕಾದದ್ದೂ ಅದಕ್ಕೇ.

ಕೆಂದನಿಗೆ ಇಂಥ ತಾಪತ್ರಯ ಇರಲಿಲ್ಲ. ಅವನ ಕಿವಿಗೆ ಎರಡೇ ಬಗೆ: ಗಲಾಟೆ ಇದೆ, ಗಲಾಟೆ ಇಲ್ಲ. ಹೆಂಡತಿ ಸುಸ್ತಾಗಿ ನಿಟ್ಟುಸಿರು ಬಿಟ್ಟರೂ ಯಾಕೆ ಗೊಣಗುತ್ತೀಯ ಎಂದು ಕೇಳುತ್ತಿದ್ದ. ಅದು ಗೊಣಗಾಟವಲ್ಲ ಎಂದು ಬಿಡಿಸಿ ಹೇಳುವಷ್ಟು ತ್ರಾಣ ಅವಳಲ್ಲಿ ಇರಲಿಲ್ಲ.

ಮರಿಗಳಿಗೆ ಹಲ್ಲು ಬರುವ ಕಾಲ. ನಾಲ್ಕು ದಿನದಿಂದ ಬೂದಿ ಕಣ್ಣು ಮುಚ್ಚಿರಲಿಲ್ಲ. ಒಂದು ಬೆಳಿಗ್ಗೆ ಕೆರೆಗೆ ನೀರು ಕುಡಿಯಲು ಹೋದವಳು ನಿಂತಲ್ಲೇ ನಿದ್ದೆ ಹೋದಳು. ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿದ್ದ ಉಡದಕ್ಕ ಅದನ್ನು ನೋಡಿದಳು.

"ನಮ್ಮ ಹಾಗೆ ಮೊಟ್ಟೆ ಇಟ್ಟು, ಮಣ್ಣು ಮುಚ್ಚಿ, ತಿರುಗಿ ನೋಡದೆ ಹೊರಟುಬಿಡಬೇಕು ಕಣೇ," ಎಂದಳು. "ನಿನ್ನ ಅವಸ್ಥೆ ನೋಡು, ಮೂತಿ ನೀರಲ್ಲಿ ಬಿಟ್ಟು ಗೊರಕೆ ಹೊಡೆಯುತ್ತಿದ್ದೀಯ."

ಬೂದಿಗೆ ಸಿಟ್ಟು ಕೂಡ ಬರಲಿಲ್ಲ. ಮನೆಗೆ ಹೋಗಿ, ಇವತ್ತು ಸಂಜೆಯವರೆಗೆ ಮರಿಗಳನ್ನು ನೋಡಿಕೊಳ್ಳಿ ಎಂದು ಗಂಡನನ್ನು ಕೇಳಿದಳು.

ಕೆಂದ ಆಗ ತಾನೇ ಹೊಟ್ಟೆ ಬಿರಿಯ ತಿಂದು ಬಂದಿದ್ದ. "ಅದೇನು ದೊಡ್ಡ ವಿದ್ಯೆಯೇನೇ? ಬಾಯಿ ತೆರೆದರೆ ತುತ್ತು ಹಾಕುವುದು ತಾನೆ," ಎಂದ.

"ಬಾಯಿ ತೆರೆದದ್ದೆಲ್ಲ ಹಸಿವಲ್ಲ ರೀ. ಸ್ವಲ್ಪ ಕೇಳಿ. ಸಣ್ಣಗೆ ನರಳಿದರೆ..."

ನೀನು ಹೋಗಿ ಮಲಗು ಎಂದು ಅವನು ಮಾತನ್ನು ಅಲ್ಲಿಗೇ ಮುಗಿಸಿದ. ಅವಳಿಗೂ ನಿಂತು ವಾದ ಮಾಡುವ ಶಕ್ತಿ ಇರಲಿಲ್ಲ. ಹತ್ತು ಹೆಜ್ಜೆ ದೂರದ ತಂಗಡಿ ಪೊದೆಗೆ ಹೋಗಿ, ಪೂರ್ತಿ ಮಲಗುವ ಮೊದಲೇ ನಿದ್ದೆ ಹೋದಳು.

ಒಂದು ಮರಿ ನಿದ್ದೆಗೆ ರಚ್ಚೆ ಹಿಡಿಯಿತು. ಕೆಂದ ಅದರ ಮುಂದೆ ಊಟ ಕಕ್ಕಿದ. ಇನ್ನೊಂದು ಬಾಲ ಕಚ್ಚಿಸಿಕೊಂಡು ಚೀರಿತು. ಅದಕ್ಕೂ ಊಟ. ಬಾಯಿ ತುಂಬಿದ್ದರಿಂದ ಎರಡೂ ಸುಮ್ಮನಾದವು. ಇಷ್ಟಕ್ಕೆ ಇವಳು ನಾಲ್ಕು ದಿನ ಎದ್ದಿದ್ದಳೇ ಎಂದು ಕೆಂದ ಮನಸ್ಸಿನಲ್ಲೇ ನಕ್ಕ. ಹೊತ್ತು ಇಳಿಯುವಷ್ಟರಲ್ಲಿ ಮೂರು ಮರಿಗಳ ಹೊಟ್ಟೆ ತಮಟೆಯಂತಾಗಿ, ಅವು ಹೊಟ್ಟೆನೋವಿಗೆ ಒಟ್ಟಿಗೇ ಅರಚತೊಡಗಿದವು. ಅವನು ಹೊಟ್ಟೆಯಲ್ಲಿ ಉಳಿದದ್ದನ್ನೆಲ್ಲ ಹೊರಗೆ ಹಾಕಿದ. ಅದರಲ್ಲಿ ಒಂದು ಮೂಳೆಯ ಚೂರು ಇತ್ತು.

ನಾಲ್ಕನೆಯವಳು ಗಿಡ್ಡಿ, ಎಲ್ಲರಿಗಿಂತ ಚಿಕ್ಕವಳು. ಎಲ್ಲಿ ತನಗೆ ಸಿಗುವುದಿಲ್ಲವೋ ಎಂದು ಗಬಕ್ಕನೆ ನುಂಗಿದಳು. ಮೂಳೆ ಗಂಟಲಿಗೆ ಅಡ್ಡ ಸಿಕ್ಕಿತು.

ಗಿಡ್ಡಿ ಅಳಲಿಲ್ಲ. ಅಳಲು ಆಗಲಿಲ್ಲ. ಕತ್ತು ಮುಂದೆ ಚಾಚಿ ಜೊಲ್ಲು ಸುರಿಸುತ್ತ ನಿಂತಳು. ಗಂಟಲಿನಿಂದ ದಾರದಷ್ಟು ಸಣ್ಣ ನರಳಿಕೆ ಬರುತ್ತಿತ್ತು. ಕೆಂದನಿಗೆ ತೆರೆದ ಬಾಯಿ ಕಾಣಿಸಿತು. ಒಣಗಿದ ತೊಗಲಿನ ತುಂಡೊಂದನ್ನು ತಂದು ಅವಳ ಬಾಯಿಗೆ ತುರುಕಿದ. ನರಳಿಕೆ ಇನ್ನೂ ಸಣ್ಣದಾಯಿತು.

"ನೋಡಿ, ನಿಮ್ಮ ತಂಗಿ ಎಷ್ಟು ಜಾಣೆ, ಹೇಗೆ ಸುಮ್ಮನಿದ್ದಾಳೆ," ಎಂದು ಉಳಿದ ಮೂವರಿಗೆ ಹೇಳಿ, ಅವರನ್ನು ಸಮಾಧಾನ ಮಾಡಲು ಹೋದ.

ಮೂರು ಮರಿಗಳ ಅರಚಾಟಕ್ಕೆ ಪೊದೆಯಲ್ಲಿದ್ದ ಬೂದಿಗೆ ಎಚ್ಚರವಾಗಲಿಲ್ಲ. ಅದರ ಅಡಿಯಲ್ಲಿದ್ದ ಆ ಎಳೆ ದನಿಗೆ ಎಚ್ಚರವಾಯಿತು. ಮೊದಲು ಕಿವಿ ಎದ್ದಿತು, ಆಮೇಲೆ ಕಾಲು. ಕಣ್ಣು ಬಿಟ್ಟದ್ದು ಬಿಲದ ಬಾಯಿಗೆ ಬಂದ ಮೇಲೆ.

ತೊಗಲನ್ನು ಕಿತ್ತೆಸೆದಳು. ಮರಿಯನ್ನು ಕೆಡವಿ, ಕಾಲಿನಿಂದ ಒತ್ತಿ ಹಿಡಿದು, ಬಾಯೊಳಗೆ ಮೂತಿ ಹಾಕಿದಳು. ಮೂಳೆ ಎರಡು ಸಲ ಹಲ್ಲಿನಿಂದ ಜಾರಿತು. ಗಿಡ್ಡಿಯ ಕಾಲುಗಳು ಒದೆಯುವುದನ್ನು ನಿಲ್ಲಿಸಿದ್ದವು. ಮೂರನೆಯ ಸಲ ಮೂಳೆ ರಕ್ತದ ಜೊತೆ ಹೊರಗೆ ಬಂತು. ಸ್ವಲ್ಪ ಹೊತ್ತಿಗೆ ಉಸಿರೂ ಬಂತು.

"ಅವಳು ಅಳಲೇ ಇಲ್ಲವಲ್ಲೇ," ಎಂದ ಕೆಂದ.

"ನರಳುತ್ತಿದ್ದಳು."

"ನನಗೆ ಎಲ್ಲ ಒಂದೇ ಥರ ಕೇಳಿಸಿತು."

"ಹೂಂ, ಕೇಳಿಸಿದೆ. ನೀವು ಕೇಳಲಿಲ್ಲ, ಅಷ್ಟೆ," ಎಂದಳು ಬೂದಿ. ಬೈಯಲು ಅವಳಿಗೆ ದನಿ ಏರಲಿಲ್ಲ.

ಗಿಡ್ಡಿ ಬದುಕಿದಳು. ಆದರೆ ಮೂಳೆ ಗಂಟಲು ಸೀಳಿ, ಅವಳ ದನಿ ಹೊರಟುಹೋಯಿತು. ಅಂದಿನಿಂದ ಅವಳ ಹಸಿವು, ರಚ್ಚೆ, ಬಿಕ್ಕು, ನೋವು ಎಲ್ಲವೂ ಒಂದೇ ಒಂದು ಬುಸುಬುಸು ಸದ್ದಾಗಿ ಹೊರಬರುತ್ತವೆ. ಈಗ ಕೆಂದ ಕಿವಿ ನಿಮಿರಿಸಿ ಅವಳ ಮುಂದೆಯೇ ಕೂರುತ್ತಾನೆ. ಇದು ಹಸಿವಾ, ನಿದ್ದೆಯಾ ಎಂದು ಸಲಸಲಕ್ಕೂ ಹೆಂಡತಿಯನ್ನು ಕೇಳುತ್ತಾನೆ.

"ಸುಮ್ಮನಿರಿ," ಎನ್ನುತ್ತಾಳೆ ಬೂದಿ, ಮರಿಯ ಮೂತಿಗೆ ಕಿವಿ ಹಚ್ಚಿ. "ನನಗೂ ಇನ್ನೂ ಗೊತ್ತಾಗುತ್ತಿಲ್ಲ."

ನೀತಿ: ಜೋರಾಗಿ ಅರಚುವವರಿಗೇ ಹೆಚ್ಚು ನೋವು ಎಂದುಕೊಳ್ಳಬಾರದು, ಯಾರ ಬಾಯಿಯನ್ನಾದರೂ ಮುಚ್ಚಿಸುವ ಮೊದಲು ಆ ದನಿ ಏನು ಹೇಳುತ್ತಿದೆ ಎಂದು ಕೇಳಬೇಕು.