ಹಾಲಪ್ಪನ ಒಣಬಟ್ಟೆ

ಒಬ್ಬರು ಗುರುಗಳಿದ್ದರು. ಆಶ್ರಮ ಇರಲಿಲ್ಲ, ಹರಿಹರದ ಹೊಳೆದಂಡೆಯಲ್ಲಿ ಒಂದು ತಗಡಿನ ಶೆಡ್ ಇತ್ತು. ಗಡ್ಡ ಮಾತ್ರ ಇತ್ತು. ಅದು ವಯಸ್ಸಿಗೆ ಬೆಳ್ಳಗಾಗಿತ್ತೋ ಪಾಲಿಶ್ ಪುಡಿ ಮೆತ್ತಿ ಬೆಳ್ಳಗಾಗಿತ್ತೋ ದೇವರೇ ಬಲ್ಲ. ಹೆಸರು ಬುಡನ್ ಸಾಬರು. ಕಾರಿನ ಮೈಮೇಲಿನ ಗೀರು ತೆಗೆಯುವುದು ಅವರ ವಿದ್ಯೆ.

ಶಿಷ್ಯೆ ಒಬ್ಬಳೇ, ಕೊಟ್ರಮ್ಮ. ಮೂವತ್ತು ದಾಟಿದವಳು. ಹೆಂಗಸಿಗೆ ಮಷೀನಿನ ಕೆಲಸ ಯಾಕೆ ಅಂತ ಊರೆಲ್ಲ ಕೇಳಿತ್ತು. ಸಾಬರು ಕೇಳಿರಲಿಲ್ಲ. "ಬಳೆ, ಉಂಗುರ ಬಿಚ್ಚಿಡು, ಬಣ್ಣಕ್ಕೆ ತಾಗ್ತವೆ" ಅಂದಿದ್ದರು. ಅಷ್ಟೇ ದೀಕ್ಷೆ.

ಒಂದು ವರ್ಷದಲ್ಲಿ ಅವಳು ಎಲ್ಲ ಕಲಿತಳು, ಒಂದು ಬಿಟ್ಟು. ಒರೆಸುವುದು ಬರಲಿಲ್ಲ.

ನಗಬೇಡಿ. ಕರಿ ಕಾರು ಒರೆಸುವುದೆಂದರೆ ಹುಡುಗಾಟವಲ್ಲ. ಮೆತ್ತನೆ ಬಟ್ಟೆ ನೆನೆಸಿ, ಹಿಂಡಿ, ನೆಟ್ಟಗೆ ಎಳೆಯಬೇಕು. ಕೊಟ್ರಮ್ಮನ ಕೈಗೆ ಬಟ್ಟೆ ಬಂದರೆ ಸಾಕು, ಸುತ್ತಲು ಶುರು. ನಡುವಿನಿಂದ ಹೊರಕ್ಕೆ, ಎಡಕ್ಕೆ ತಿರುಗಿಸಿ, ದುಂಡಗೆ.

"ನೆಟ್ಟಗೆ" ಅನ್ನುತ್ತಿದ್ದರು ಸಾಬರು.

"ಹೂಂ ಉಸ್ತಾದ್."

ಮರುಗಳಿಗೆ ಮತ್ತೆ ಸುತ್ತು.

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದಂಗಾಯ್ತು ನನ್ನ ಪಾಠ" ಅಂತ ಸಾಬರು ಮೊಣಕೈಯಿಂದ ಅವಳ ಕೈ ತಳ್ಳುತ್ತಿದ್ದರು. ಅವಳು ನಗುತ್ತಿದ್ದಳು. ಯಾಕೆ ಹಾಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಒಂದು ಬೆಳಿಗ್ಗೆ ಶೆಡ್ಡಿಗೆ ಕರಿ ಕಾರೊಂದು ಬಂತು. ಹಳೆಯದು, ಉದ್ದ ಮೂತಿಯದು. ಅಕ್ಕಿ ಗಿರಣಿ ಸಾಹುಕಾರರ ಮನೆಯದು. ನಾಳೆ ಹುಬ್ಬಳ್ಳಿಯವರೊಬ್ಬರು ಕೊಂಡು ಒಯ್ಯುತ್ತಾರೆ, ಅಷ್ಟರಲ್ಲಿ ಹೊಸದರಂತೆ ಮಾಡಿಡಿ ಅಂತ ಹೇಳಿ, ತಂದವರು ಹೋದರು.

ಕೊಟ್ರಮ್ಮ ನಂಬರ್ ನೋಡಿದಳು. ಹತ್ತಿರ ಹೋಗಿ ಇನ್ನೊಮ್ಮೆ ನೋಡಿದಳು.

ಕೆಲಸ ಹಿಡಿಯುವ ಮುಂಚೆ ಕಾರನ್ನು ಬಿಸಿಲಿಗೆ ನಿಲ್ಲಿಸಿ, ಒಂದು ಲೋಟ ಚಹಾ ಮುಗಿಯುವವರೆಗೆ ಸುಮ್ಮನೆ ನೋಡುವುದು ಸಾಬರ ಪದ್ಧತಿ. ನೆರಳಲ್ಲಿ ಎಲ್ಲ ಕಾರೂ ಚೆಂದ ಅನ್ನುತ್ತಿದ್ದರು. ಅವತ್ತೂ ನಿಲ್ಲಿಸಿದರು. ಬಿಸಿಲು ಬಿದ್ದದ್ದೇ ತಡ, ಬಾನೆಟ್ಟಿನ ತುಂಬ ನವಿರಾದ ಗೀರುಗಳು ಎದ್ದು ಬಂದವು. ಅದರಲ್ಲಿ ಮೂಡಿದ ಸೂರ್ಯನ ಬಿಂಬದ ಸುತ್ತ ಸುತ್ತಿನ ಮೇಲೆ ಸುತ್ತು, ಜೇಡ ಬಲೆ ಕಟ್ಟಿದ ಹಾಗೆ.

ಸಾಬರು ಚಹಾ ಕುಡಿದು ಮುಗಿಸಿದರು.

"ಯಾರೋ ಒಣಬಟ್ಟೆಲಿ ದಿನಾ ಒರೆಸ್ಯಾರೆ. ಧೂಳು ಕೂತಿರೋ ಹಂಗೇ ಉಜ್ಜ್ಯಾರೆ. ಅಕ್ಕರೆ ಮಾಡಿ ಮಾಡಿ ಕೆಡಿಸಿಟ್ಟಾರೆ."

ಕೊಟ್ರಮ್ಮ ಬಕೆಟ್ಟಿಗೆ ನೀರು ಹಿಡಿದಳು. ಕೆಲಸಕ್ಕೆ ನಿಂತಳು.

ಕಾರು ತೊಳೆದರು, ಅಂಚುಗಳಿಗೆ ಟೇಪ್ ಹಚ್ಚಿದರು. ಸಾಬರು ಬಾಗಿಲು, ಡಿಕ್ಕಿ, ಚಾವಣಿಗೆ ಮಷೀನು ಹಿಡಿದು ಮುಗಿಸುವಷ್ಟರಲ್ಲಿ ಮಧ್ಯಾಹ್ನವಾಯಿತು. ಉಳಿದದ್ದು ಬಾನೆಟ್ಟೊಂದೇ.

"ಅದನ್ನ ನೀ ಮಾಡು. ನಾ ನಮಾಜ್ ಮುಗಿಸ್ಕೊಂಡು ಬರ್ತೀನಿ" ಅಂತ ಸಾಬರು ಮಸೀದಿಗೆ ಹೋದರು.

ಅವರು ಬಂದಾಗ ಬಾನೆಟ್ಟು ಫಳಫಳ ಅನ್ನುತ್ತಿತ್ತು. ಒಂದು ಗೀರಿಲ್ಲ. ಕೊಟ್ರಮ್ಮ ಬೆನ್ನು ಮಾಡಿಕೊಂಡು ಡಬ್ಬಿಗಳಿಗೆ ಮುಚ್ಚಳ ಹಾಕುತ್ತಿದ್ದಳು.

ಸಾಬರು ಪಾಲಿಶ್ ಮಷೀನಿನ ಚಕ್ರ ಮುಟ್ಟಿ ನೋಡಿದರು. ತಣ್ಣಗಿತ್ತು.

ಬಕೆಟ್ಟಿಗೆ ಸೋಪು ಕದಡಿ, ಬಾನೆಟ್ಟಿನ ಮೇಲೆ ಸುರಿದು, ಮೆಲ್ಲಗೆ ತೊಳೆದರು. ಕಾರನ್ನು ಮತ್ತೆ ಬಿಸಿಲಿಗೆ ತಳ್ಳಿ ನಿಲ್ಲಿಸಿದರು.

ಗೀರುಗಳೆಲ್ಲ ವಾಪಸ್ ಬಂದವು.

ನಡೆದದ್ದು ಇಷ್ಟೇ. ಅವಳು ಮಷೀನು ಮುಟ್ಟಿಯೇ ಇರಲಿಲ್ಲ. ಗೀರುಗಳ ಮೇಲೆ ಎಣ್ಣೆ ಪಾಲಿಶ್ ತುಂಬಿ ಮುಚ್ಚಿಟ್ಟಿದ್ದಳು. ಒಂದು ಸಲ ಸೋಪು ಹಾಕಿ ತೊಳೆದರೆ ಹೋಗುವ ಹೊಳಪು ಅದು. ಈ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಕಳ್ಳತನ ಇನ್ನೊಂದಿಲ್ಲ.

"ನನ್ನ ಶೆಡ್ಡಿನಾಗೆ ಈ ಕೆಲಸ ಯಾರೂ ಮಾಡಿಲ್ಲವ್ವ" ಅಂದರು ಸಾಬರು. ದನಿ ಏರಲಿಲ್ಲ.

"ತಪ್ಪಾಯ್ತು ಉಸ್ತಾದ್."

"ತಪ್ಪು ಕೇಳಲಿಲ್ಲ. ಯಾಕೆ ಮಾಡ್ದೆ, ಅದನ್ನ ಹೇಳು."

ಕೊಟ್ರಮ್ಮ ಬಾನೆಟ್ಟಿನ ಗೀರುಗಳ ಕಡೆ ಕೈ ತೋರಿಸಿದಳು.

"ಆ ಒಣಬಟ್ಟೆ ನಮ್ಮಪ್ಪಂದು."

ಸಾಬರು ಅವಳ ಕಡೆ ತಿರುಗಿದರು.

"ಡ್ರೈವರ್ ಹಾಲಪ್ಪ ಅಂದ್ರೆ ನಮ್ಮಪ್ಪ. ಹದಿನೆಂಟು ವರ್ಷ ಓಡಿಸಿದ್ರು ಈ ಗಾಡೀನ. ದಿನಾ ಬೆಳಗಾಗ ಒರೆಸೋರು. ನಾ ಮೆಟ್ಟಿಲ ಮೇಲೆ ಕೂತು ನೋಡ್ತಿದ್ದೆ. ಮುಟ್ಟೋಕೆ ಬಿಡ್ತಿರಲಿಲ್ಲ. ಸಾಹುಕಾರರ ಗಾಡಿ ಕಣವ್ವ, ದೂರ ಕೂತ್ಕಾ ಅನ್ನೋರು."

"ಹೆಂಗೆ ಒರೆಸೋನು?"

"ಹಿಂಗೆ." ಅವಳ ಕೈ ಗಾಳಿಯಲ್ಲಿ ಸುತ್ತಿತು. ನಡುವಿನಿಂದ ಹೊರಕ್ಕೆ, ಎಡಕ್ಕೆ ತಿರುಗಿಸಿ, ದುಂಡಗೆ.

ಸಾಬರು ಆ ಕೈಯನ್ನೇ ನೋಡುತ್ತಾ ನಿಂತರು.

"ಸತ್ತು ಮೂರು ವರ್ಷ ಆಯ್ತು" ಅಂದಳು ಕೊಟ್ರಮ್ಮ. "ಬಟ್ಟೆಬರೆ ಎಲ್ಲ ಹೊಳೆಗೆ ಬಿಟ್ವಿ. ಖಾಕಿ ಅಂಗೀನೂ ಹೋಯ್ತು. ಒಂದು ನೆಟ್ಟಗಿನ ಫೋಟೋನೂ ಇಲ್ಲ. ಅವರ ಕೈ ಆಡಿದ ಗುರುತು ಅಂತ ಭೂಮಿ ಮೇಲೆ ಉಳಿದಿರೋದು ಇದೊಂದೇ. ಇದನ್ನ ನಾನೇ ಅಳಿಸ್ಲಾ?"

"ಗಾಡಿ ನಾಳೆ ಹುಬ್ಬಳ್ಳಿಗೆ ಹೋಗುತ್ತೆ. ಗೀರು ಉಳಿಸಿದ್ರೆ ನಿನಗೇನು ಸಿಕ್ತು?"

"ಎಲ್ಲೋ ಒಂದು ಕಡೆ ಐತೆ ಅಂತ ಗೊತ್ತಿರುತ್ತಲ್ಲ ಉಸ್ತಾದ್. ಸಾಕಿತ್ತು ನನಗೆ."

ಹೊಳೆ ಕಡೆಯಿಂದ ಗಾಳಿ ಬೀಸಿತು. ಸಾಬರು ಅವಳನ್ನು ಭುಜ ಹಿಡಿದು ಬಾನೆಟ್ಟಿನ ಬಲಕ್ಕೆ ನಿಲ್ಲಿಸಿದರು.

"ನಿಮ್ಮಪ್ಪನ ಸುತ್ತು ಎಲ್ಲೈತೆ, ತೋರಿಸು."

ಅವಳು ಬೆರಳಿಟ್ಟಳು. "ಇಲ್ಲಿ. ಸೂರ್ಯನ ಸುತ್ತ."

"ಬೆರಳು ತೆಗೀಬ್ಯಾಡ. ಹಂಗೇ ಎಡಕ್ಕೆ ಬಾ."

ಅವಳು ಬೆರಳನ್ನು ಅಲ್ಲೇ ಇಟ್ಟು ಎರಡು ಹೆಜ್ಜೆ ಎಡಕ್ಕೆ ಬಂದಳು. ಸುತ್ತು ಬೆರಳ ಕೆಳಗಿರಲಿಲ್ಲ. ಅದೂ ಎರಡು ಹೆಜ್ಜೆ ಎಡಕ್ಕೆ ಬಂದಿತ್ತು.

ಇನ್ನೊಂದು ಹೆಜ್ಜೆ ಇಟ್ಟಳು. ಸುತ್ತೂ ಬಂತು. ಬಗ್ಗಿದಳು. ಬಗ್ಗಿತು.

"ಗೀರು ನಿಮ್ಮಪ್ಪಂದು, ಸುಳ್ಳಲ್ಲ" ಅಂದರು ಸಾಬರು. "ಅವು ಅಡ್ಡಾದಿಡ್ಡಿ ಎಲ್ಲಾ ಕಡೆ ಅವೆ. ಅದ್ರಾಗೆ ಬಿಸಿಲಿಗೆ ಸಿಕ್ಕವು ಮಾತ್ರ ಸುತ್ತಾಗಿ ಕಾಣ್ತವೆ. ಸುತ್ತು ಗಾಡಿ ಮ್ಯಾಗಿಲ್ಲ. ನೀ ಎಲ್ಲಿ ನಿಂತ್ರೆ ಅಲ್ಲಿಗೆ ಬರುತ್ತೆ."

ಕೊಟ್ರಮ್ಮ ಬೆರಳು ಹಿಂದಕ್ಕೆ ಎಳೆದುಕೊಂಡಳು. ಇದ್ದದ್ದೊಂದು ಗುರುತು, ಅದೂ ಬೆರಳಿಗೆ ಸಿಗುವಂಥದ್ದಲ್ಲವಲ್ಲ ಅನ್ನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹಂಗಾದ್ರೆ ನೀವೇ ಮಾಡ್ರಿ ಉಸ್ತಾದ್. ನನ್ನ ಕೈಲಿ ಆಗಲ್ಲ."

"ಗೀರು ಹೆಂಗೆ ತೆಗೀತೀವಿ, ಹೇಳು."

ಇದೆಂಥಾ ಹೊತ್ತಲ್ಲಿ ಪಾಠ ಒಪ್ಪಿಸುವುದು. ಆದರೂ ಗುರು ಕೇಳಿದ ಮೇಲೆ ಹೇಳಬೇಕು.

"ಗೀರು ತುಂಬೋಕಾಗಲ್ಲ. ಅದರ ತಳ ಎಲ್ಲೈತೋ ಅಲ್ಲೀತನಕ ಸುತ್ತಲಿನ ಬಣ್ಣಾನ ಇಳಿಸ್ಬೇಕು."

"ಬಣ್ಣ ಎಷ್ಟು ದಪ್ಪ ಐತೆ?"

"ಈರುಳ್ಳಿ ಸಿಪ್ಪೆಯಷ್ಟು."

"ಹೂಂ. ಹದಿನೆಂಟು ವರ್ಷ ಅವನ ಕೈ ಎಲ್ಲೀತನಕ ಇಳಿದಿತ್ತೋ ಅಲ್ಲೀತನಕ ಯಾರಾದ್ರೂ ಒಬ್ರು ಇಳೀಲೇಬೇಕು. ನಾ ಇಳೀಲಾ, ನೀ ಇಳೀತೀಯಾ?"

ಕೊಟ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಹೋಗಿ ಮಷೀನು ಎತ್ತಿಕೊಂಡಳು.

ಕಾರನ್ನು ನೆರಳಿಗೆ ತಂದರು. ಚಕ್ರಕ್ಕೆ ಬಣ್ಣ ಸವೆಸುವ ಕಾಂಪೌಂಡ್ ಲೇಪ ನಾಲ್ಕು ಹನಿ ಹಾಕಿ ಬಾನೆಟ್ಟಿಗೆ ಇಟ್ಟಳು. ಚಿಕ್ಕಂದಿನಲ್ಲಿ ಮುಟ್ಟಬೇಡ ಅನ್ನಿಸಿಕೊಂಡ ಬಾನೆಟ್ಟು. ಒಂದು ಮೊಳ ಉದ್ದ, ಒಂದು ಮೊಳ ಅಗಲ, ಅಷ್ಟೇ ಜಾಗ ಹಿಡಿದು ಮೇಲಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ನಿಧಾನ. ಒಂದೇ ಕಡೆ ನಿಂತರೆ ಬಣ್ಣ ಸುಡುತ್ತದೆ. ಆಗಾಗ ಕೈಯ ಹಿಂಭಾಗದಿಂದ ಮುಟ್ಟಿ ಬಿಸಿ ನೋಡಿದಳು, ಜ್ವರದವರ ಹಣೆ ಮುಟ್ಟುವ ಹಾಗೆ.

"ಅಪ್ಪ" ಅಂದಳು ಒಂದು ಸಲ. ಮಷೀನಿನ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಸಾಬರು ವೈರ್ ಕಾಲಿಗೆ ಸಿಗದಂತೆ ಹಿಡಿದು ಹಿಂದೆ ಹಿಂದೆ ಓಡಾಡಿದರು.

ಮುಗಿಯುವಷ್ಟರಲ್ಲಿ ಬಿಸಿಲು ಇಳಿಯುತ್ತಿತ್ತು. ಕಾರನ್ನು ಹೊರಗೆ ತಳ್ಳಿದರು.

ಬಾನೆಟ್ಟು ಬಾವಿ ನೀರಿನಷ್ಟು ಕಪ್ಪಗಿತ್ತು. ಅದರೊಳಗೆ ಸೂರ್ಯ ಒಬ್ಬನೇ ಇದ್ದ, ಸುತ್ತ ಏನೂ ಇರಲಿಲ್ಲ. ಹೊಳೆ ಆಚೆಯ ಜಾಲಿಗಿಡಗಳು ಕಂಡವು. ಅವಳ ಮುಖವೂ ಕಂಡಿತು, ಅಪ್ಪನದೇ ಅಗಲ ಹಣೆ.

ಕೊಟ್ರಮ್ಮ ಎಡಕ್ಕೆ ಸರಿದು ನೋಡಿದಳು. ಬಲಕ್ಕೆ ಸರಿದು ನೋಡಿದಳು. ಯಾವ ಸುತ್ತೂ ಜೊತೆಗೆ ಬರಲಿಲ್ಲ. ಇಂಥಾ ಕೆಲಸ ಅವಳ ಕೈಯಿಂದ ಹಿಂದೆಂದೂ ಆಗಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು. ಆದರೂ ಎಲ್ಲ ಕಳಕೊಂಡವಳಂತೆ ನಿಂತಳು.

"ಪುಡಿ ಕೂತೈತೆ ನೋಡು" ಅಂದರು ಸಾಬರು. "ಕಡೇ ಸಲ ಒರೆಸಿಬಿಡು."

ಬಟ್ಟೆಗಳಲ್ಲೆಲ್ಲ ಹೊಸದನ್ನು, ಮೆತ್ತಗಿನದನ್ನು ಆರಿಸಿ, ಒಮ್ಮೆ ಝಾಡಿಸಿ, ತಾವೇ ನೀರಲ್ಲಿ ನೆನೆಸಿ ಹಿಂಡಿ ಕೊಟ್ಟರು.

ಅವಳು ಬಟ್ಟೆ ಬಾನೆಟ್ಟಿನ ನಡುವೆ ಇಟ್ಟಳು. ಕೈ ಎಡಕ್ಕೆ ತಿರುಗಲು ಹೊರಟಿತು. ತಾನೇ ತಡೆದಳು. ಒಂದು ವರ್ಷದ ಪಾಠ, ಇವತ್ತಾದರೂ ತಪ್ಪಬಾರದು ಅಂದುಕೊಂಡು ಬಟ್ಟೆಯನ್ನು ಅಂಚಿಗೆ ತಂದು, ನೆಟ್ಟಗೆ ಎಳೆಯಲು ಕೈ ಚಾಚಿದಳು.

ಸಾಬರು ಅವಳ ಮಣಿಕಟ್ಟು ಹಿಡಿದರು. ಆ ಕೈಯನ್ನು ಎತ್ತಿ ಮತ್ತೆ ಬಾನೆಟ್ಟಿನ ನಡುವೆ ಇಟ್ಟರು.

"ಇವತ್ತು ನೆಟ್ಟಗೆ ಬ್ಯಾಡವ್ವ" ಅಂದರು. "ನಿನ್ನ ಕೈಗೆ ಬಂದಂಗೆ ಒರೆಸು."